ನೀಲಿ ಅಂಚಿನ ಬಟ್ಟಲು

ಕೆಲಸಕ್ಕೆ ಸೇರಿದ ಮೊದಲ ದಿನ ಬೆಳಿಗ್ಗೆ ನನ್ನ ಕೈಗೆ ಒಂದು ಎನಾಮಲ್ ಮಗ್ಗು ಕೊಟ್ಟರು. ಒಳಗೆ ಕೋಳಿಯ ಕರುಳು. ಇನ್ನೂ ಬೆಚ್ಚಗಿತ್ತು. "ಇದನ್ನ ಉದ್ದಕ್ಕೆ ಸೀಳಿ ಒಳಗಿರೋ ಹುಳ ತೆಗೀಬೇಕಮ್ಮ. ಹುಳಕ್ಕೆ ಪೆಟ್ಟಾಗ್ಬಾರದು," ಎಂದರು ನಮ್ಮ ಮೇಲಧಿಕಾರಿ ವೆಂಕೋಬರಾಯರು. ನಾನೋ, ಮನೆಯೊಳಗೆ ಈರುಳ್ಳಿಯನ್ನೂ ಬಿಟ್ಟುಕೊಳ್ಳದ ತಾಯಿಯ ಮಗಳು. ಬಿ.ಎಸ್ಸಿ. ಪಾಸಾದವಳಿಗೆ ಗಾಜಿನ ಕೊಳವೆ, ಬಣ್ಣದ ದ್ರಾವಣ ಕೊಡುತ್ತಾರೆ ಎಂದುಕೊಂಡು ಮಡಿಸೀರೆಯಂಥ ಸೀರೆ ಉಟ್ಟು ಬಂದಿದ್ದೆ. ಅಯ್ಯೋ ನನ್ನ ಕರ್ಮವೇ ಎಂದು ಕತ್ತರಿ ಹಿಡಿದೆ. ಮೊದಲ ಹುಳು ಬೆರಳಿಗೆ ಸುತ್ತಿಕೊಂಡಾಗ ಕಿಟಾರನೆ ಕಿರುಚಿದೆ. ರಾಯರು ಕನ್ನಡಕದ ಮೇಲಿಂದ ನೋಡಿ, "ಕಿರುಚ್ಕೋ, ಪರವಾಗಿಲ್ಲ. ಕೈ ಮಾತ್ರ ಅಲ್ಲಾಡಿಸ್ಬೇಡ," ಎಂದು ತಮ್ಮ ಕೆಲಸಕ್ಕೆ ಹೋದರು.

ಐವತ್ತರ ದಶಕದ ನಡುವಿನ ಮಾತು ಇದು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಾನು ಈಗ ಕೂತು ಬರೆಯುತ್ತಿರುವ ಆರ್‌ಪಿಸಿ ಲೇಔಟ್ ಅಂದು ಹೊಲ. ಒಂದು ಕಾರ್ಖಾನೆಯ ಹಿಂಬದಿಯ ಹೆಂಚಿನ ಶೆಡ್ಡೇ ನಮ್ಮ ಪ್ರಯೋಗಾಲಯ. ನಮ್ಮ ಕೆಲಸ ಇಷ್ಟೇ: ಹಳ್ಳಿಯವರು ಜಂತುಹುಳಕ್ಕೆ, ಕಜ್ಜಿಗೆ, ಭೇದಿಗೆ ಕೊಡುವ ಬೀಜಗಳನ್ನು ತರುವುದು, ಕುಟ್ಟುವುದು, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸಾರ ಇಳಿಸುವುದು, ಆ ಸಾರಕ್ಕೆ ಹುಳುಗಳೂ ಸೂಕ್ಷ್ಮಜೀವಿಗಳೂ ನಿಜವಾಗಿ ಸಾಯುತ್ತವೆಯೇ ಎಂದು ನೋಡುವುದು. ಮುತ್ತುಗ, ಪರಂಗಿ, ಸೀತಾಫಲ, ಹೊಂಗೆ, ಕಾಡುಜೀರಿಗೆ, ಹೀಗೆ ಹೆಸರು ಬರೆದ ಡಬ್ಬಗಳು ಗೋಡೆಯುದ್ದಕ್ಕೂ ಇದ್ದವು. ಸೀತಾಫಲದ ಬೀಜ ಕುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡು ನಾನು ಎರಡು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದೂ ಉಂಟು. ಅದು ಬಿಡಿ, ಅದು ನನ್ನ ಕಣ್ಣಿಗೆ ಮಾತ್ರ ಆದ ಅನ್ಯಾಯ.

ಈಗ ಲ್ಯಾಬಿಗೆ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, "ಮೇಡಂ, ನಿಮ್ಮ ಕಾಲದಲ್ಲಿ ಮೆಷೀನುಗಳೇ ಇರಲಿಲ್ವಂತೆ, ಹೇಗೆ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಮೆಷೀನು ಇರಲಿಲ್ಲ, ನಿಜ. ಆದರೆ ನಮ್ಮ ಮಾನ ಕಳೆದದ್ದು ಮೆಷೀನಿಲ್ಲದ್ದಲ್ಲ. ಬಟ್ಟಲು ತೊಳೆಯುವ ರೀತಿ. ಅದರಲ್ಲಿ ಒಬ್ಬ ಹೆಂಗಸಿನ ಕೆಲಸ ಹೋಯಿತು. ಹೋದದ್ದು ನನ್ನಿಂದ. ಆ ಶೆಡ್ಡಿನ ಹೊರಗೆ ನಲವತ್ತು ವರ್ಷ ಇದನ್ನು ಯಾರ ಮುಂದೂ ಬಾಯಿಬಿಟ್ಟಿಲ್ಲ, ಇವತ್ತು ಬರೆಯುತ್ತೇನೆ.

ಆಕೆಯ ಹೆಸರು ಹನುಮಕ್ಕ. ಮಲ್ಲತ್ತಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗಳು ತುಂಬಿದ ಬಸುರಿ, ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದಳು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಹನುಮಕ್ಕನ ಸಂಬಳದಿಂದ. ಗಾಜು, ಪಿಂಗಾಣಿ ತೊಳೆಯುವುದು ಅವಳ ಕೆಲಸ. ಆದರೆ ಹುಳುಗಳ ವಿಷಯದಲ್ಲಿ ನನಗೆ ಗುರು ಅವಳೇ. ಕೆರೆಯ ಅಂಚಿನ ಕಪ್ಪು ಮಣ್ಣು ಅಗೆದು ಒಂದೇ ಅಳತೆಯ ಎರೆಹುಳುಗಳನ್ನು ಬಾಳೆಲೆಯಲ್ಲಿ ಕಟ್ಟಿ ತರುತ್ತಿದ್ದಳು. ಕೋಳಿಯ ಹುಳು ಸಾಕಷ್ಟು ಸಿಗದ ದಿನ ಎರೆಹುಳುಗಳ ಮೇಲೆಯೇ ಪರೀಕ್ಷೆ. ನಾನು ಮೂಗು ಮುಚ್ಚಿಕೊಂಡರೆ, "ಅಯ್ಯ, ಮಣ್ಣು ತಿನ್ನೋ ಪಿರಾಣಿ ಕಣವ್ವ, ನಿನ್ನೇನು ತಿಂದಾತಾ?" ಎಂದು ನಗುತ್ತಿದ್ದಳು.

ಪರೀಕ್ಷೆಯ ಕ್ರಮ ತೀರ ಸರಳ. ಸಾಲಾಗಿ ಪಿಂಗಾಣಿ ಬಟ್ಟಲುಗಳು. ಕೆಲವಕ್ಕೆ ಉಪ್ಪುನೀರಿನಲ್ಲಿ ಕಲಸಿದ ಬೀಜದ ಸಾರ. ಕೆಲವಕ್ಕೆ ಬರೀ ಉಪ್ಪುನೀರು. ಎಲ್ಲದಕ್ಕೂ ಹುಳು ಬಿಟ್ಟು ಗಡಿಯಾರ ನೋಡುತ್ತ ಕೂರುವುದು. ಬರೀ ಉಪ್ಪುನೀರಿನ ಹುಳು ಬದುಕಿ, ಸಾರದಲ್ಲಿಯ ಹುಳು ಸತ್ತರೆ ಸಾರಕ್ಕೆ ಶಕ್ತಿ ಇದೆ ಎಂದು ಲೆಕ್ಕ. ಅದಲುಬದಲಾಗದಿರಲೆಂದು ಬರೀ ಉಪ್ಪುನೀರಿಗೆ ಯಾವಾಗಲೂ ನೀಲಿ ಅಂಚಿನ ಬಟ್ಟಲುಗಳನ್ನೇ ಇಟ್ಟಿದ್ದೆವು. ಆ ಏರ್ಪಾಡು ನನ್ನದೇ. ರಾಯರು "ಭೇಷ್" ಎಂದಿದ್ದರು, ನಾನು ಉಬ್ಬಿದ್ದೆ.

ಸೂಕ್ಷ್ಮಜೀವಿಗಳ ಕೆಲಸ ಬೇರೆ ಮೇಜಿನಲ್ಲಿ. ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಜೀವಿ ಬೆರೆಸಿದ ಅಗರ್ ಎಂಬ ಕಡಲಪಾಚಿಯ ಲೋಳೆ ಹೆಪ್ಪುಗಟ್ಟಿಸಿ, ಅದರಲ್ಲಿ ಸಣ್ಣ ಗುಂಡಿ ಕೊರೆದು ಸಾರ ಹನಿಸಬೇಕು. ಮರುದಿನ ಗುಂಡಿಯ ಸುತ್ತ ಅವು ಬೆಳೆಯದ ತಿಳಿ ಉಂಗುರ ಕಂಡರೆ ಗೆದ್ದ ಹಾಗೆ. ಒಂದು ಸಲ ಬೆಳಿಗ್ಗೆ ಬಂದು ನೋಡುತ್ತೇನೆ, ಹೊಂಗೆಯ ತಟ್ಟೆಗಳಲ್ಲಿ ಉಂಗುರವೋ ಉಂಗುರ! ಓಡಿಹೋಗಿ ರಾಯರನ್ನು ಕರೆತಂದೆ. ಅವರು ಭೂತಗನ್ನಡಿ ಹಿಡಿದು ಬಗ್ಗಿ, ಬಹಳ ಹೊತ್ತು ನೋಡಿ, "ಸುಶೀಲಾ, ಇದು ಹೊಂಗೆ ಅಲ್ಲಮ್ಮ, ಇರುವೆ," ಎಂದರು. ಮುಚ್ಚಳ ಸರಿಯಾಗಿ ಕೂರದ ತಟ್ಟೆಗಳಿಗೆ ಇರುವೆ ನುಗ್ಗಿ ಅಗರನ್ನು ಗುಂಡಗೆ ಮೇಯ್ದಿದ್ದವು. ಅಂದಿನಿಂದ ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಬಂತು. ಆ ಗಾಜಿನ ತಟ್ಟೆಗಳನ್ನು ಯಾರ ಕೈಗೂ ಕೊಡದೆ ನಾನೇ ವಾಷಿಂಗ್ ಸೋಡಾ ಹಾಕಿ ಕುದಿಸಿ ತೊಳೆಯುತ್ತಿದ್ದೆ. ಪಿಂಗಾಣಿ ಬಟ್ಟಲುಗಳು ಮಾತ್ರ ಹನುಮಕ್ಕನ ಪಾಲಿಗೆ.

ಬೀಜದ ಸಾರ ಎಂದರೆ ಜಿಡ್ಡು. ಸೋಪಿಗೆ ಜಗ್ಗುವುದಿಲ್ಲ. ಹನುಮಕ್ಕ ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ಆ ನೊರೆಯಲ್ಲಿ ಬಟ್ಟಲುಗಳನ್ನು ಮುಳುಗಿಸಿಟ್ಟು, ತೆಂಗಿನ ನಾರಿನಲ್ಲಿ ಉಜ್ಜಿ, ನಾಲ್ಕು ಸಲ ನೀರಿನಲ್ಲಿ ಜಾಲಿಸುತ್ತಿದ್ದಳು. ಮನೆಯಲ್ಲಿ ನಮ್ಮಮ್ಮ ರೇಷ್ಮೆ ಸೀರೆಗೂ ಒಡವೆಗೂ ಹಾಕುವುದು ಅದನ್ನೇ. ಅದರ ಬಗ್ಗೆ ಯಾರಿಗೆ ಯಾವ ಅನುಮಾನ ಬಂದೀತು?

ನಾನು ಸೇರಿದ ಮೊದಲ ವರ್ಷ ಫಲಿತಾಂಶ ಅಷ್ಟಕ್ಕಷ್ಟೆ. ಕೆಲವು ಸಾರಗಳಲ್ಲಿ ಹುಳು ಮಂಕಾಗುತ್ತಿದ್ದವು, ಸಾಯುವುದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆಮೇಲೆ ಬೇಸಿಗೆ ಬಂತು. ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಂಟೆ ನೀರು ಬಂದರೆ ಪುಣ್ಯ. ಪೀಪಾಯಿ ತಳ ಕಾಣುತ್ತಿತ್ತು, ಸಾರ ಇಳಿಸುವುದಕ್ಕೇ ನೀರು ಸಾಲದು. ಒಂದು ದಿನ ಹನುಮಕ್ಕ ಬಟ್ಟಲುಗಳನ್ನು ನಾಲ್ಕನೆಯ ಸಲ ಜಾಲಿಸುತ್ತಿದ್ದದ್ದು ನೋಡಿ ನನಗೆ ರೇಗಿತು.

"ಏನ್ ಹನುಮಕ್ಕ, ಇರೋ ನೀರೆಲ್ಲ ಮೋರಿಗೇ ಸುರೀತೀಯಲ್ಲ! ಒಂದು ಸಲ ಅದ್ದಿ ತೆಗ್ದು ಬಿಸಿಲಿಗಿಡು, ಸಾಕು."

"ನೊರೆ ಓಗಾಕಿಲ್ಲ ಕಣವ್ವ. ಜಾರ್ತದೆ ಇನ್ನೂವೆ."

"ಒಣಗಿದ್ರೆ ಹೋಗುತ್ತೆ. ಮತ್ತೆ ಈ ನೀಲಿ ಅಂಚಿನವನ್ನ ಯಾಕೆ ಅಂಟುವಾಳಕ್ಕೆ ಹಾಕ್ತೀಯ? ಅದರಲ್ಲಿ ಬರೀ ಉಪ್ಪುನೀರು ಇದ್ದದ್ದು. ಜಿಡ್ಡೇ ಇಲ್ವಲ್ಲ. ಸುಮ್ನೆ ಅಲುಬಿಸಿ ಬೋರಲು ಹಾಕು."

ಅವಳು ಕೈಯಲ್ಲಿದ್ದ ಬಟ್ಟಲನ್ನು ಬೋರಲು ಹಾಕಿದಳು. "ನೀನು ಓದ್ದೋಳು. ನೀನ್ ಯೋಳಿದಂಗೆ," ಎಂದಳು. ಅಂದಿನಿಂದ ಹಾಗೆಯೇ ಮಾಡಿದಳು. ಮಾಡಿದ್ದು ನನ್ನ ಮಾತು ಕೇಳಿ ಎನ್ನುವುದನ್ನು ದಯವಿಟ್ಟು ಮರೆಯಬೇಡಿ.

ಮುತ್ತುಗದ ಹೊಸ ಬೀಜ ಬರುವ ಕಾಲವೂ ಅದೇ. ಸಾರ ಇಳಿಸಿ, ಹುಳು ಬಿಟ್ಟು ಕೂತೆ. ಅರ್ಧ ಗಂಟೆಯೊಳಗೆ ಸಾರದಲ್ಲಿದ್ದ ಎಲ್ಲ ಹುಳುಗಳೂ ಚಾಚಿಕೊಂಡು ಬಿದ್ದವು. ನೀಲಿ ಅಂಚಿನ ಬಟ್ಟಲುಗಳಲ್ಲಿ ಹುಳುಗಳು ಆರಾಮಾಗಿ ಓಡಾಡುತ್ತಿವೆ! ಮರುದಿನ ಪರಂಗಿ ಬೀಜ. ಅದೇ ಕತೆ. ಕಾಡುಜೀರಿಗೆ, ಅದೇ ಕತೆ. ಹಿಂದಿನ ವರ್ಷ ಕೈಕೊಟ್ಟಿದ್ದ ಬೀಜಗಳೆಲ್ಲ ಈಗ ಹುಳುಗಳನ್ನು ಸಾಲಾಗಿ ಮಲಗಿಸುತ್ತಿದ್ದವು. ರಾಯರು ಕುರ್ಚಿಯಿಂದ ಎದ್ದು ನಿಂತು, "ಎಲ್ಲಾ ಹೊಸಾ ಬೀಜದ ಮಹಿಮೆ ಕಣಮ್ಮ! ಹೋದ ವರ್ಷ ನಾವು ಹಳೇ ಬೀಜ ಇಟ್ಕೊಂಡು ಸಾಯ್ತಿದ್ವಿ," ಎಂದು ಮೇಜು ಗುದ್ದಿದರು. ನನಗೂ ಹಾಗೇ ಅನಿಸಿತು. ಅಗರ್ ತಟ್ಟೆಗಳಲ್ಲಿ ಮಾತ್ರ ಅದೇ ಸಾರಗಳು ಏನೂ ಮಾಡುತ್ತಿರಲಿಲ್ಲ. ಇದೇಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹುಳುವಿನ ಮೇಲೆ ಕೆಲಸ ಮಾಡುವ ಗುಣ ಬೇರೆ, ಸೂಕ್ಷ್ಮಜೀವಿಯ ಮೇಲೆ ಮಾಡುವ ಗುಣ ಬೇರೆ ಎಂದು ರಾಯರು ಒಂದು ವಿವರಣೆ ಬರೆದರು, ನಾನು ಅದನ್ನು ಟೈಪು ಮಾಡಿದೆ. ವರದಿ ದೆಹಲಿಯ ವಿಜ್ಞಾನ ಸಮ್ಮೇಳನಕ್ಕೆ ಹೋಯಿತು. ರಾಯರೇ ಅಲ್ಲಿಗೆ ಹೋಗಿ ಅದನ್ನು ಓದುವುದೆಂದೂ ಗೊತ್ತಾಯಿತು.

ಮಳೆ ಹಿಡಿದ ವಾರ ಹನುಮಕ್ಕನ ಮಗಳಿಗೆ ಹೆರಿಗೆಯಾಯಿತು. ಗಂಡು ಮಗು. ಹನುಮಕ್ಕ ಒಂದು ವಾರ ರಜೆ ಹಾಕಿದಳು. ಅಷ್ಟು ದಿನ ಪಿಂಗಾಣಿಯನ್ನೂ ನಾನೇ ತೊಳೆದೆ. ಪೀಪಾಯಿ ತುಂಬಿ ಹರಿಯುತ್ತಿತ್ತು. ನನಗೆ ಅಂಟುವಾಳ ಕಿವುಚಲು ಬೇಸರ, ಗಾಜಿನ ತಟ್ಟೆಗಳ ಜೊತೆಗೇ ಸೋಡಾ ಹಾಕಿ ಕುದಿಸಿಬಿಟ್ಟೆ.

ಆ ಬಟ್ಟಲುಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಮುತ್ತುಗದ ಸಾರ ಹಾಕಿ ಹುಳು ಬಿಟ್ಟೆ. ಹನ್ನೊಂದಾಯಿತು. ಹುಳು ಸಾಯಲಿಲ್ಲ. ಊಟದ ಹೊತ್ತಾಯಿತು. ಇಲ್ಲ. ಸಂಜೆ ನಾಲ್ಕಕ್ಕೆ ಒಂದೆರಡು ಮಂಕಾಗಿದ್ದವು, ಉಳಿದವು ಹೊರಳಾಡುತ್ತಲೇ ಇದ್ದವು. ಮರುದಿನ ಹೊಸ ಸಾರ ಇಳಿಸಿ ಮತ್ತೆ ಮಾಡಿದೆ. ಮತ್ತೂ ಅದೇ. ಸಾರ ಕೆಡಿಸಿದ್ದೇನೆಂದು ರಾಯರು ನನ್ನನ್ನು ಹಿಗ್ಗಾಮುಗ್ಗಾ ಬೈದು, ತಾವೇ ಕೋಟು ಕಳಚಿ ಕೂತು ಮಾಡಿದರು. ಅವರಿಗೂ ಅದೇ.

ಮೂರನೆಯ ದಿನ ಅವರು ಕಪಾಟಿನಲ್ಲಿ ಹುಡುಕಿ, ಹನುಮಕ್ಕ ರಜೆಗೆ ಮುಂಚೆ ತೊಳೆದಿಟ್ಟಿದ್ದ, ಸಾರ ಹಾಕುವ ಒಂದು ಬಿಳಿ ಬಟ್ಟಲು ತೆಗೆದರು. ಬರೀ ಉಪ್ಪುನೀರು ಹಾಕಿ ಹುಳು ಬಿಟ್ಟರು. ಇಪ್ಪತ್ತು ನಿಮಿಷ. ಹುಳು ಸತ್ತಿತು. ಬೀಜವಿಲ್ಲ, ಸಾರವಿಲ್ಲ, ಬರೀ ಉಪ್ಪುನೀರಿನಲ್ಲಿ ಸತ್ತಿತು! ರಾಯರು ಇನ್ನೊಂದು ಒಣಗಿದ ಬಟ್ಟಲು ತೆಗೆದು, ಬೆರಳು ಒದ್ದೆಮಾಡಿ ಒಳಬದಿಗೆ ಉಜ್ಜಿದರು. ಸಣ್ಣಗೆ ನೊರೆ ಎದ್ದಿತು. ಬೆರಳನ್ನು ನಾಲಗೆಗೆ ಮುಟ್ಟಿಸಿ, ಮುಖ ಕಿವುಚಿ, ಥೂ ಎಂದು ಉಗುಳಿದರು. "ಕಹಿ. ಅಂಟುವಾಳ. ಸುಶೀಲಾ, ಅಂಟುವಾಳ ಕಣಮ್ಮ ಇದು! ನಮ್ಮೂರಲ್ಲಿ ಹೊಂಡದ ನೀರಿಗೆ ಇದನ್ನ ಕಲಕಿ ಮೀನು ಸಾಯ್ಸಿ ಹಿಡೀತಾರೆ!" ಎಂದು ಕುರ್ಚಿಗೆ ಕುಸಿದರು. ಒಂದೇ ಸಲ ಅದ್ದಿ ತೆಗೆದ ಬಿಳಿ ಬಟ್ಟಲುಗಳಲ್ಲಿ ನೊರೆ ಉಳಿದು ಒಣಗಿತ್ತು. ನೀಲಿ ಅಂಚಿನ ಬಟ್ಟಲುಗಳಿಗೆ ಅಂಟುವಾಳವೇ ತಗುಲಿರಲಿಲ್ಲ, ಆದ್ದರಿಂದ ಅವುಗಳೊಳಗಿನ ಹುಳುಗಳು ಬದುಕಿದ್ದವು. ಎಷ್ಟು ತಿಂಗಳ ಕೆಲಸ! ಮುತ್ತುಗವೂ ಅಲ್ಲ, ಪರಂಗಿಯೂ ಅಲ್ಲ, ನಾವು ಇಷ್ಟು ದಿನ ಪರೀಕ್ಷಿಸಿದ್ದು ನಮ್ಮ ಪಾತ್ರೆ ತೊಳೆಯುವ ನೊರೆಯನ್ನು.

ಆಗಲೇ ನಾನು ಬಾಯಿಬಿಡಬೇಕಿತ್ತು. ಬಿಡಲಿಲ್ಲ. ತಡೆ, ಅವರ ಕೋಪ ಇಳಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಹನುಮಕ್ಕ ಬಂದಳು. ನನಗೆಂದು ಬಾಳೆಲೆಯಲ್ಲಿ ಕೊಬ್ಬರಿ ಬೆಲ್ಲ ಕಟ್ಟಿ ತಂದಿದ್ದಳು, ಮೊಮ್ಮಗ ಹುಟ್ಟಿದ ಸಂತೋಷಕ್ಕೆ. ಅದನ್ನು ಕೊಡುವುದಕ್ಕೂ ಬಿಡದೆ ರಾಯರು ಒಳಗೆ ಕರೆದರು. ಮೇಜಿನ ಮೇಲೆ ಬಿಳಿ ಬಟ್ಟಲು, ನೀಲಿ ಅಂಚಿನ ಬಟ್ಟಲು ಅಕ್ಕಪಕ್ಕ. ಗುಮಾಸ್ತರು ಬಾಗಿಲಲ್ಲಿ ನಿಂತಿದ್ದರು.

"ಇದನ್ನ ಅಂಟುವಾಳದಲ್ಲಿ ತೊಳೆದು ನೀರಲ್ಲಿ ಎಷ್ಟು ಸಲ ಜಾಲಿಸ್ತೀಯ?"

"ಒಂದ್ ಕಿತ ಬುದ್ದಿ."

"ಈ ನೀಲೀದನ್ನ?"

"ಅದಕ್ಕೆ ಅಂಟುವಾಳ ಆಕಾಕಿಲ್ಲ ಬುದ್ದಿ. ಸುಮ್ಕೆ ಅಲುಬ್ಸದು."

"ಯಾರು ಹೇಳಿದ್ದು ನಿಂಗೆ ಹೀಗೆ ಮಾಡು ಅಂತ?"

ಹನುಮಕ್ಕ ನನ್ನ ಕಡೆ ಕೈತೋರಿಸಿದಳು. ಅವಳಿಗೆ ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. "ಈ ಅವ್ವನೇ ಯೋಳಿದ್ದು. ನೀರಿಲ್ಲ ಅಂತವ. ನೊರೆ ಓಗಾಕಿಲ್ಲ ಅಂತ ನಾನ್ ಅಂದೆ."

ರಾಯರು ನನ್ನತ್ತ ತಿರುಗಿದರು. "ಹೌದೇನಮ್ಮಾ?"

"ಇಲ್ಲ ಸಾರ್. ನಾನು ಹಾಗೆ ಹೇಳಿಲ್ಲ."

ಆ ಮಾತು ನನ್ನ ಬಾಯಿಂದಲೇ ಬಂತು. ಯಾರೋ ಬೇರೆಯವರು ಹೇಳಿದ್ದೇನೋ ಎಂದು ನಾನು ಅತ್ತ ಇತ್ತ ನೋಡುವಷ್ಟು ಸಲೀಸಾಗಿ ಬಂತು. ಕೆಲಸ ಹೋದರೆ ಅಣ್ಣ ಇನ್ನು ಮದುವೆ ಎಂದು ಕಟ್ಟಿಹಾಕುತ್ತಾನೆ, ರಾಯರ ಮುಂದೆ ಮಾನ ಹೋಗುತ್ತದೆ, ಇಂಥವೆಲ್ಲ ಆಮೇಲೆ ಜೋಡಿಸಿಕೊಂಡ ಕಾರಣಗಳು. ಆ ಗಳಿಗೆಯಲ್ಲಿ ಕಾರಣವೇ ಇರಲಿಲ್ಲ, ಬರೀ ಹೆದರಿಕೆ ಇತ್ತು. ಹನುಮಕ್ಕ ನನ್ನ ಮುಖವನ್ನೇ ನೋಡಿದಳು. ಅವಳ ಬಾಯಿ ಅರ್ಧ ತೆರೆದೇ ಇತ್ತು. ನಾನು ಅವಳಿಗೆ ಹೊಡೆದಿದ್ದರೂ ಅವಳು ಅಷ್ಟು ಬೆಚ್ಚುತ್ತಿರಲಿಲ್ಲ.

"ಮಾಡಿದ್ದೂ ಅಲ್ಲದೆ ಸುಳ್ಳು ಬೇರೆ! ಓದಿದ ಹುಡುಗಿ ಹಾಗೆ ಹೇಳ್ತಾಳಾ?" ಎಂದು ರಾಯರು ಗುಡುಗಿದರು. "ನಾಳೆಯಿಂದ ಬರಬೇಡ."

ಅವಳು ಅಳಲಿಲ್ಲ, ಕಾಲು ಹಿಡಿಯಲಿಲ್ಲ. "ನಾನು ಸುಳ್ಳಿ ಅಲ್ಲ ಬುದ್ದಿ," ಎಂದಳು. ಎರಡು ಸಲ ಎಂದಳು. ಸೆರಗು ಸಿಕ್ಕಿಸಿಕೊಂಡು ಹೊರಟುಹೋದಳು.

ಆಮೇಲಿನ ಮೂರು ದಿನ ನಾನು ಅನ್ನ ತಿನ್ನಲಿಲ್ಲ. ಅಮ್ಮ ದೃಷ್ಟಿ ತೆಗೆದಳು, "ಆ ಹಾಳು ಹುಳದ ಕೆಲಸ ಬಿಡು ಅಂದ್ರೆ ಕೇಳಲ್ಲ," ಎಂದು ಗೊಣಗಿದಳು. ನಾಚಿಕೆಗೆ ದೃಷ್ಟಿ ತೆಗೆದರೆ ಹೋಗುತ್ತದೆಯೇ?

ನಾಲ್ಕನೆಯ ದಿನ ರಾಯರು ಒಂದು ಕಾಗದ ಟೈಪು ಮಾಡಲು ಕೊಟ್ಟರು. ದೆಹಲಿಗೆ. "ವರದಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಪಾತ್ರೆ ತೊಳೆಯುವುದರಲ್ಲಿ ತಪ್ಪಾಗಿದೆ, ಅದನ್ನು ಗಮನಿಸದ ಹೊಣೆ ನನ್ನದು," ಎಂದು ಅವರೇ ಬರೆದಿದ್ದರು. ಮೂರೇ ಸಾಲು. ಹನುಮಕ್ಕನ ಹೆಸರಿಲ್ಲ, ನನ್ನ ಹೆಸರಿಲ್ಲ. ಆ ವಯಸ್ಸಿನ ಮನುಷ್ಯ, ಊರೆಲ್ಲ ನಗುತ್ತದೆಂದು ಗೊತ್ತಿದ್ದೂ ಕೆಳಗೆ ಸಹಿ ಹಾಕುವುದಕ್ಕೆ ಪೆನ್ನು ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು. ನನ್ನ ಬೆರಳು ಟೈಪ್‌ರೈಟರಿನ ಮೇಲೆ ಓಡಲೇ ಇಲ್ಲ.

"ಸಾರ್, ಹನುಮಕ್ಕ ಹೇಳಿದ್ದು ನಿಜ," ಎಂದೆ. "ನಾನೇ ಹೇಳಿದ್ದೆ. ಎರಡೂ ನಾನೇ ಹೇಳಿದ್ದು."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ರಾಯರು ಪೆನ್ನಿನ ಮುಚ್ಚಳ ಹಾಕಿ, "ನಾಲ್ಕು ದಿನ ಆಯ್ತಲ್ಲಮ್ಮ," ಎಂದರು. ಆಮೇಲೆ, "ನಿನ್ನ ಮಾತು ನಂಬಿ ಅವಳನ್ನ ಸುಳ್ಳಿ ಅಂದೆ ನಾನು. ಹೋಗಿ ಕರ್ಕೊಂಡು ಬಾ," ಎಂದರು.

ಮಾಗಡಿ ರಸ್ತೆ ಹಿಡಿದು, ಎಡಕ್ಕೆ ಇಳಿದು, ಹೊಲಗಳ ನಡುವೆ ಮಲ್ಲತ್ತಹಳ್ಳಿಗೆ ನಡೆದೆ. ಅವಳು ದಿನಾ ನಡೆಯುತ್ತಿದ್ದ ದಾರಿ ಇಷ್ಟು ದೂರ ಎಂದು ನನಗೆ ಅಂದೇ ಗೊತ್ತಾದದ್ದು. ಹನುಮಕ್ಕ ಜಗುಲಿಯಲ್ಲಿ ಕಾಲು ಚಾಚಿ ಕೂತು ಮೊಮ್ಮಗನಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಹನುಮಕ್ಕ, ತಪ್ಪಾಯ್ತು. ಸಾರ್‌ಗೆ ಎಲ್ಲಾ ಹೇಳಿದೀನಿ. ವಾಪಸ್ ಬರ್ಬೇಕಂತೆ."

"ಯಾರ್ ಮುಂದೆ ಯೋಳ್ದೆ?"

"ಸಾರ್ ಮುಂದೆ."

"ಗುಮಾಸ್ತಪ್ಪ ಇದ್ನಾ?"

"ಇರ್ಲಿಲ್ಲ."

"ನಾನಿದ್ನಾ?"

ಅವಳು ಮಗುವನ್ನು ತಿರುಗಿಸಿ ಬೆನ್ನಿಗೆ ಎಣ್ಣೆ ಹಚ್ಚಿದಳು. "ನಾಕ್ ಜನದ ಮುಂದೆ ಸುಳ್ಳಿ ಅನ್ನಿಸ್ಕೊಂಡು ಬಂದಿವ್ನಿ. ಕೆಲ್ಸ ಓದ್ರೆ ರಾಗಿ ಕಳೆ ಕಿತ್ತು ತಿಂತೀನಿ. ಅದ್ನ ಯಂಗೆ ತೊಳ್ಕೊಳ್ಳಿ? ಅದೇ ಜಾಗದಲ್ಲಿ, ಅದೇ ಜನದ ಮುಂದೆ, ನಾನು ನಿಂತಿರೋವಾಗ ನೀನು ಯೋಳ್ಬೇಕು. ಆಗ ಬತ್ತೀನಿ."

ಹೇಳಿದೆ. ಮರುದಿನ ಬೆಳಿಗ್ಗೆ ಅದೇ ಮೇಜಿನ ಮುಂದೆ, ರಾಯರು, ಗುಮಾಸ್ತರು, ಹನುಮಕ್ಕ ಮೂವರೂ ನಿಂತಿರುವಾಗ, "ಹನುಮಕ್ಕ ಹೇಳಿದ್ದು ನಿಜ, ಸುಳ್ಳು ಹೇಳಿದ್ದು ನಾನು," ಎಂದೆ. ನೆಲ ನೋಡುತ್ತ ಮೆಲ್ಲಗೆ ಹೇಳಿದ್ದೆ. "ಕೇಳಿಸ್ನಿಲ್ಲ," ಎಂದಳು ಹನುಮಕ್ಕ. ಮತ್ತೆ ಹೇಳಿದೆ, ಗಟ್ಟಿಯಾಗಿ. ರಾಯರೂ ಅವಳಿಗೆ ಕೈಮುಗಿದು, "ನಂದೂ ತಪ್ಪಾಯ್ತಮ್ಮ," ಎಂದರು. ಒಬ್ಬ ಮೇಲಧಿಕಾರಿ ಪಾತ್ರೆ ತೊಳೆಯುವವಳಿಗೆ ಕೈಮುಗಿದದ್ದನ್ನು ನನ್ನ ಸರ್ವೀಸಿನಲ್ಲಿ ಇನ್ನೆಂದೂ ನೋಡಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡೆ. ನನಗೆ ಎಷ್ಟೋ ಹಗುರವಾಯಿತು. ಬಚ್ಚಲಿನ ಹತ್ತಿರ ಹೋಗಿ, ಲವಲವಿಕೆಯಿಂದ, "ಹನುಮಕ್ಕ, ಇನ್ಮೇಲೆ ಅಂಟುವಾಳ ಬೇಡ. ಎಲ್ಲ ಬಟ್ಟಲನ್ನೂ ಸೋಡಾ ಹಾಕಿ ಕುದಿಸ್ಬೇಕು. ನೀಲಿ ಅಂಚಿನವನ್ನೂ ಬಿಳಿಯವನ್ನೂ ಒಂದೇ ಥರ. ಐದು ಸಲ ಜಾಲಿಸ್ಬೇಕು," ಎಂದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಚಾಚಿದಳು.

"ಬರ್ದು ಕೊಡಿ."

ನನಗೆ ಅರ್ಥವಾಗಲಿಲ್ಲ. "ನಿಂಗೆ ಓದಕ್ಕೆ ಬರಲ್ವಲ್ಲ ಹನುಮಕ್ಕ?"

"ನಂಗೆ ಬರಾಕಿಲ್ಲ. ಗುಮಾಸ್ತಪ್ಪಂಗೆ ಬತ್ತದೆ, ಬುದ್ದಿಯೋರಿಗೆ ಬತ್ತದೆ. ಕೆಳಗೆ ನಿಮ್ಮ ರುಜು ಆಕ್ಕೊಡಿ. ನಾಳೆ ಯಾರಾರ ಕೇಳುದ್ರೆ ತೋರುಸ್ತೀನಿ."

ಅದುವರೆಗೆ ಅವಳು ನನ್ನನ್ನು ನೀವು ಎಂದವಳಲ್ಲ. ಅವಳ ದನಿಯಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪ ಇರಲಿಲ್ಲ. ನನ್ನ ಬಾಯಿಯ ಮಾತನ್ನು ನಂಬಿ ಇನ್ನು ಒಂದು ಬಟ್ಟಲನ್ನೂ ತೊಳೆಯುವುದಿಲ್ಲ ಎಂದು ಅವಳು ತೀರ್ಮಾನಿಸಿಯಾಗಿತ್ತು, ಅಷ್ಟೇ. ಅದಾದ ಮೇಲೆ ಹನ್ನೊಂದು ವರ್ಷ ಅವಳು ಅಲ್ಲಿ ಕೆಲಸ ಮಾಡಿದಳು. ನಾನು ಹೇಳಿದ ಒಂದೊಂದು ಹೊಸ ಕೆಲಸಕ್ಕೂ ಕೈ ಚಾಚಿದಳು.

ಅಂದು ನಾನು ಕಾಗದ ತಂದು, ಬರೆದು, ರುಜು ಹಾಕಿ ಅವಳ ಕೈಗೆ ಕೊಟ್ಟೆ.